ಮೂರು ದಿನದ ಗೋಂದು

ಬಿಸಿ ಹಾಲಿಗೆ ವಿನೆಗರ್ ಬಿದ್ದದ್ದೇ ತಡ, ಹಾಲು ಒಡೆದು ಗಂಟುಗಂಟಾಯಿತು. ಮೇಜಿನ ಸುತ್ತ ಮುಗಿಬಿದ್ದಿದ್ದ ಏಳನೇ ತರಗತಿಯ ಮಕ್ಕಳು ಹೋ ಎಂದರು. ವಿಜ್ಞಾನದ ಟೀಚರ್ ಅದನ್ನು ಬಟ್ಟೆಯಲ್ಲಿ ಸೋಸಿ, ಉಳಿದ ಗಂಟಿಗೆ ಚಿಟಿಕೆ ಅಡುಗೆ ಸೋಡಾ, ಎರಡು ಚಮಚ ನೀರು ಹಾಕಿ ಕಲಸಿದರು. ನೊರೆ ಇಳಿದಾಗ ಬಟ್ಟಲಲ್ಲಿ ಬೆಳ್ಳನೆಯ ಗೋಂದಿತ್ತು.

"ಹಸಿರು ರಸಾಯನಶಾಸ್ತ್ರ ಅಂದ್ರೆ ಇದೇ. ಕೈ ಸುಡಲ್ಲ, ಚೆಲ್ಲಿದ್ರೆ ಮಣ್ಣಿಗೂ ವಿಷ ಅಲ್ಲ. ಕೊಳೆಯೋದು ಅವಗುಣ ಅಲ್ಲ ಮಕ್ಳೇ, ಕೊಳೆಯದೇ ಇರೋದೇ ಕೊನೇಗೆ ನಮ್ಮ ತಲೆ ಮೇಲೆ ಕೂರೋದು."

"ಹಾಗಾದ್ರೆ ಇದು ಎಷ್ಟು ದಿನಕ್ಕೆ ಕೊಳೆಯತ್ತೆ ಟೀಚರ್?"

ಕೇಳಿದವಳು ಮೊದಲ ಬೆಂಚಿನ ಹುಡುಗಿ. ಬಾಯಿ ಬಿಟ್ಟರೆ ಪ್ರಶ್ನೆಯೇ. ಹಾಗಾಗಿ ಟೀಚರೇ ಅಕ್ಕರೆಯಿಂದ ಅವಳಿಗೆ 'ಪ್ರಶ್ನೆಪತ್ರಿಕೆ' ಎಂದು ಹೆಸರಿಟ್ಟಿದ್ದರು. ಅವಳು ಒಂದು ಸೀಸೆ ಗೋಂದನ್ನು ಮನೆಗೊಯ್ದು ದಿನವೂ ಮೂಸಿ ನೋಡಿದಳು. ನಾಲ್ಕನೇ ದಿನ ಅವಳಮ್ಮ ಸೀಸೆಯನ್ನೂ ಅವಳನ್ನೂ ಒಟ್ಟಿಗೇ ಹೊರಗೆ ಹಾಕಿದರಂತೆ.

ತಾಲ್ಲೂಕಿನ ಶಾಲೆಗಳ ವಿಜ್ಞಾನ ಪ್ರದರ್ಶನದ ದಿನ ಮಕ್ಕಳು 'ಮನೆಯಲ್ಲೇ ಮಾಡಿ, ವಿಷವಿಲ್ಲದೆ ಅಂಟಿಸಿ' ಎಂದು ಫಲಕ ಬರೆದು, ಬಂದವರಿಗೆಲ್ಲ ಕಾಗದ ಅಂಟಿಸಿ ತೋರಿಸುತ್ತಿದ್ದರು. ಹೆಡ್‌ಮಾಸ್ಟರ ಜೊತೆ ಬಂದ ತೀರ್ಪುಗಾರರು ಗೋಂದನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಅಂಗಡಿ ಗೋಂದಿನಷ್ಟು ದಿನ ಇಡಬಹುದಾ?"

"ಇಲ್ಲ ಸಾರ್, ಮೂರೇ ದಿನ," ಎಂದಳು ಪ್ರಶ್ನೆಪತ್ರಿಕೆ. "ನಾಲ್ಕನೇ ದಿನ ಗಬ್ಬು ನಾತ. ಆದ್ರೆ ಅದು ಒಳ್ಳೇದೇ ಸಾರ್, ಯಾಕಂದ್ರೆ..."

ಹೆಡ್‌ಮಾಸ್ಟರ ಮುಖ ಹುಳ್ಳಗಾಯಿತು. ಹತ್ತು ವರ್ಷದಿಂದ ಆ ಶಾಲೆಗೆ ಒಂದೂ ಬಹುಮಾನ ಬಂದಿರಲಿಲ್ಲ.

"ಇವಳ ಮಾತು ಬಿಡಿ ಸಾರ್," ಟೀಚರ್ ನಕ್ಕುಬಿಟ್ಟರು. "ಇವಳಿಗೆ ಸರಿಯಾಗಿ ಮಾಡೋಕೆ ಬರಲ್ಲ. ಇವಳದ್ದು ಮಾತ್ರ ಕೆಟ್ಟೋಗಿತ್ತು."

ಉಳಿದ ಮಕ್ಕಳೂ ನಕ್ಕರು. ಮೊದಲ ಬಹುಮಾನ ಬಂತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಟ್ಟಲು ತೊಳೆಯುತ್ತ ನಿಂತಾಗ ಟೀಚರಿಗೆ, ಹುಡುಗಿ ಹೇಳಹೊರಟಿದ್ದು ತಾನೇ ಕಲಿಸಿದ ಪಾಠವೆಂದು ಹೊಳೆದು ಕೈ ನಿಂತಿತು. ಸೋಮವಾರ ತರಗತಿಯ ಮುಂದೆಯೇ ಹೇಳಿದರು: "ಅವತ್ತು ಅವಳು ಹೇಳಿದ್ದೇ ಸರಿ. ಸುಳ್ಳು ಹೇಳಿದ್ದು ನಾನು. ತಪ್ಪಾಯ್ತು ಕಣಮ್ಮ."

"ಪರವಾಗಿಲ್ಲ ಟೀಚರ್," ಎಂದಳು ಹುಡುಗಿ, ಬಹಳ ವಿನಯದಿಂದ.

ಹೆಡ್‌ಮಾಸ್ಟರ ಮುಂದೆ ಅದೇ ಮಾತು ಹೇಳುವ ಧೈರ್ಯ ಟೀಚರಿಗೆ ಬರಲಿಲ್ಲ. ಬಹುಮಾನದ ಫಲಕ ಕಚೇರಿಯ ಗೋಡೆ ಏರಿತು.

ತಿಂಗಳು ಕಳೆದ ಮೇಲೆ ಒಂದು ದಿನ ಟೀಚರ್ ತರಗತಿಯಲ್ಲಿ ನೇರಳೆ ಕೋಸಿನ ರಸಕ್ಕೆ ನಿಂಬೆಹಣ್ಣು ಹಿಂಡಿದರು. ರಸ ಗುಲಾಬಿ ಬಣ್ಣಕ್ಕೆ ತಿರುಗಿತು. ಮಕ್ಕಳು ಕಿರುಚಾಡಿದರು. ಟೀಚರ್ ಲೋಟವನ್ನು ಮೊದಲ ಬೆಂಚಿನ ಮೇಲಿಟ್ಟು ಬಗ್ಗಿ ಕೇಳಿದರು: "ಏನಾಯ್ತು, ನೀನು ಹೇಳು ಪುಟ್ಟಿ."

ಹುಡುಗಿ ಲೋಟವನ್ನೊಮ್ಮೆ ನೋಡಿದಳು. ಟೀಚರ ಮುಖವನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದಳು. ಆಮೇಲೆ ನೋಟ್‌ಬುಕ್ ಹತ್ತಿರಕ್ಕೆಳೆದುಕೊಂಡು, ಪೆನ್ನಿನ ತುದಿಯನ್ನು ಖಾಲಿ ಗೆರೆಯ ಮೇಲಿಟ್ಟು ಕಾದಳು.

"ನೀವೇ ಹೇಳಿ ಟೀಚರ್. ಬರ್ಕೋತೀನಿ."