ಮೊಣಕಾಲಿನ ಗೋಣಿಬಟ್ಟೆ

ದೇವರಾಜು ಕ್ಯಾಮೆರಾದ ಮುಂದೆ ಕುಕ್ಕರುಗಾಲಲ್ಲಿ ಕೂತು, ಮೊಣಕಾಲಿಗೆ ಕಟ್ಟಿಕೊಂಡಿದ್ದ ಗೋಣಿಚೂರುಗಳನ್ನು ಬಿಗಿ ಮಾಡಿದ. "ಎಲ್ಲಿಂದ ಮೇಡಂ? ಎರಡು ಮೀಟರಾ?"

ಸಂಶೋಧಕಿ ಸಂಹಿತಾ ಅಳತೆ ಬರೆಯುವ ಪುಸ್ತಕ ತೆರೆದು ಮತ್ತೆ ಮುಚ್ಚಿದಳು.

ಪ್ರಾಣಿ ಹಾದರೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾಗಳಲ್ಲಿ, ಮಾಕುಟ್ಟದ ಕಾಡಿನಲ್ಲಿ ಇದು ನಲವತ್ತೊಂದನೆಯದು. ಮರಕ್ಕೆ ಬಿಗಿದ ಮೇಲೆ ಯಾರಾದರೂ ಕಾಡುಕುರಿ ಎಂಬ ಪುಟ್ಟ ಜಿಂಕೆಯ ಎತ್ತರಕ್ಕೆ ಬಗ್ಗಿ ನಾಲ್ಕು ಕಾಲಲ್ಲಿ ಅದರ ಮುಂದೆ ಹಾಯಬೇಕು. ಹಾಯುವವರನ್ನು ಕಂಡು ಅದರ ಕೆಂಪು ದೀಪ ಎಷ್ಟು ದೂರದವರೆಗೆ ಮಿನುಗುತ್ತದೋ ಅಷ್ಟೇ ಅದರ ನೋಟ. ಆ ಅಳತೆಯಿಲ್ಲದೆ ಚದರ ಕಿಲೋಮೀಟರಿಗೆ ಇಷ್ಟು ಕಾಡುಕುರಿ ಎನ್ನುವ ಮಾತೇ ಸುಳ್ಳು. ನಲವತ್ತು ಸಲವೂ ಹಾದವನು ಐವತ್ನಾಲ್ಕರ ಸಹಾಯಕ ದೇವರಾಜು. "ಮಡಿಕೇರಿ ಮೇಷ್ಟ್ರ ಮಗಳು, ನಿಮಗ್ಯಾಕೆ ಈ ಕೆಸರು" ಎಂದು ಮೊದಲ ದಿನವೇ ತಡೆದಿದ್ದ. ತಡೆಸಿಕೊಳ್ಳುವುದು ಅವಳಿಗೂ ಸಲೀಸಾಗಿತ್ತು.

ನಿನ್ನೆ ಕುಶಾಲನಗರದ ಸಭೆಯಲ್ಲಿ ಅವಳು ಕ್ಯಾಮೆರಾ ತೆಗೆದ ಅಂಥದೊಂದು ಚಿತ್ರವನ್ನು ಪರದೆಗೆ ಹಾಕಿದಳು. ಅಂಗೈ ಊರಿ, ಬೆನ್ನು ಬಗ್ಗಿಸಿ ತೆವಳುತ್ತಿರುವ ದೇವರಾಜು. "ಇದು ನಮ್ಮ ಅತಿ ವಿಧೇಯ ಕಾಡುಕುರಿ," ಅಂದಳು. ಅಧಿಕಾರಿಗಳು, ತೋಟದ ಮಾಲೀಕರು ಗೊಳ್ಳೆಂದು ನಕ್ಕರು. ನಗು ಇಳಿದಾಗ ಕೊನೆಯ ಸಾಲು ಕಂಡಿತು. ಇಸ್ತ್ರಿ ಮಾಡಿದ ಅಂಗಿಯಲ್ಲಿ ದೇವರಾಜು. ಪಕ್ಕದಲ್ಲಿ, ಅಪ್ಪನ ಕೆಲಸ ನೋಡಲೆಂದು ಕಾಲೇಜಿಗೆ ರಜೆ ಹಾಕಿ ಬಂದಿದ್ದ ಮಗಳು ರಂಜಿತಾ. ಎಲ್ಲರೂ ನಕ್ಕರೆಂದು ಅವನೂ ನಗುತ್ತಿದ್ದ. ರಂಜಿತಾ ತನ್ನ ಕೈಬೆರಳು ನೋಡುತ್ತಿದ್ದಳು.

"ದೇವರಾಜಣ್ಣ, ರಂಜಿತಾ ಏನಂದ್ಲು?"

"ಏನೂ ಅನ್ನಲಿಲ್ಲ. ರಾತ್ರಿ ಊಟ ಬಡಿಸಲೂ ಬರಲಿಲ್ಲ." ಅವನು ಒಂದು ಜಿಗಣೆ ಕಿತ್ತೆಸೆದ. "ನಾನು ಕಾಡು ಅಳೀತೀನಿ ಅಂತ ಹೇಳಿದ್ದೆ ಅವಳಿಗೆ."

"ತಪ್ಪಾಯ್ತು. ಇವತ್ತು ನಾನು ಹೋಗ್ತೀನಿ. ನೀವು ಬರ್ಕೊಳ್ಳಿ."

"ಇಲ್ಲಿ ನೀವು ಬಗ್ಗಿದ್ರೆ ನೋಡೋರು ಯಾರಿದ್ದಾರೆ ಮೇಡಂ? ಜಿಗಣೆ ಬಿಟ್ರೆ."

ಅವನ ದನಿ ಏರಿರಲಿಲ್ಲ. ಸಂಹಿತಾ ಪುಸ್ತಕವನ್ನು ಅವನತ್ತ ಚಾಚಿಯೇ ನಿಂತಳು. ಅವನು ಗೋಣಿಚೂರುಗಳನ್ನು ಬಿಚ್ಚಿ ಅವಳ ಕಾಲ ಬಳಿ ಇಟ್ಟ, ಪುಸ್ತಕ ತೆಗೆದುಕೊಂಡು ಮರದ ಬೇರಿನ ಮೇಲೆ ಕೂತ.

ಕಟ್ಟಿಕೊಂಡಾಗ ಅವು ಇನ್ನೂ ಬೆಚ್ಚಗಿದ್ದವು.

ಎರಡು ಮೀಟರು. ದೀಪ ಮಿನುಗಿತು. ನಾಲ್ಕನೆಯ ಮೀಟರಿನಲ್ಲಿ ಅವಳು ಕತ್ತೆತ್ತಿ ಅವನ ಮುಖ ಹುಡುಕಿದಳು.

"ತಲೆ ತಗ್ಗಿಸಿ ಮೇಡಂ," ದೀಪದಿಂದ ಕಣ್ಣು ಕೀಳದೆ ದೇವರಾಜು ಹೇಳಿದ. "ಕಾಡುಕುರಿ ಹಾಗೆ ನಮ್ಮ ಮುಖ ನೋಡಲ್ಲ."

ತಗ್ಗಿಸಿದಳು. ಕೆಸರು ಬೆರಳುಗಳ ಸಂದಿಯಿಂದ ಮೇಲೆದ್ದು ಬಂತು. ದೀಪ ಮಿನುಗಿತು. ಅವನು ಬರೆದುಕೊಂಡ.