ಕೊನೆಯ ಹನ್ನೊಂದು ಪುಟ

“ಆ ಪುಸ್ತಕ ಒಳಗೆ ಇಡಬೇಡ. ತೆಗಿ ಆಚೆ.”

ಮಗಳ ಕೈ ಅರ್ಧಕ್ಕೇ ನಿಂತಿತು. ನಡುಮನೆಯಲ್ಲಿ ಎರಡು ಬೆಂಚಿನ ಮೇಲೆ ಅವಳಮ್ಮನ ಶವದ ಪೆಟ್ಟಿಗೆ ಇಟ್ಟಿದ್ದರು. ಮುಚ್ಚಳ ಇನ್ನೂ ಗೋಡೆಗೆ ಒರಗಿತ್ತು. ತಾಯಿಯ ಕೈ ಪಕ್ಕ ಪುಸ್ತಕ ಇಡಲು ಅವಳು ಬಗ್ಗಿದ್ದಳು. ವೆಲ್ಡರ್ ಕೆಲಸದ ಅಪ್ಪ ಹಿಂದಿನಿಂದ ಬಂದು ಅದನ್ನು ಕಸಿದುಕೊಂಡ.

“ಅಮ್ಮನಿಗೆ ಪುಸ್ತಕ ಅಂದ್ರೆ ಪ್ರಾಣ ಅಲ್ವೇನಪ್ಪ. ಕೊನೇವರೆಗೂ ಹಿಡ್ಕೊಂಡಿದ್ದು ಇದನ್ನೇ. ಜೊತೇಲಿ ಹೋಗ್ಲಿ.”

“ಅದು ಲೈಬ್ರರಿದು. ಮಣ್ಣಿಗೆ ಹಾಕೋಕೆ ನಿಮ್ಮಪ್ಪನ ಮನೆ ಸ್ವತ್ತಾ?” ಎಂದವನಿಗೆ ಅವಳಪ್ಪ ತಾನೇ ಎಂಬುದು ಆಮೇಲೆ ಹೊಳೆಯಿತು.

ಬಾಗಿಲ ಬಳಿ ಕೂತಿದ್ದ ಲೈಬ್ರರಿ ಮೇಡಂ ಮೆಲ್ಲಗೆ ಹೇಳಿದರು. “ಇರ್ಲಿ ಬಿಡಿ ಯಜಮಾನ್ರೇ. ಇಷ್ಟು ವರ್ಷದಲ್ಲಿ ಒಂದು ಪುಸ್ತಕಾನೂ ತಡ ಮಾಡಿದವರಲ್ಲ. ಇದೊಂದು ಅವರ ಹತ್ರಾನೇ ಇರ್ಲಿ. ನಾನು ಬರ್ಕೋತೀನಿ.”

ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ಆ ಒಳ್ಳೆಯ ಮನಸ್ಸಿಗೆ ಬೆಂಕಿ ಬೀಳಲಿ ಅನ್ನಿಸಿತು ವೆಲ್ಡರ್‌ಗೆ. ಇದ್ದ ಒಂದು ನೆಪವೂ ಹೋಯಿತು.

ಸ್ಮಶಾನಕ್ಕೆ ಒಯ್ಯುವ ಗಾಡಿ ಮೂರಕ್ಕೆ ಬರುವುದಿತ್ತು. ಆಗಲೇ ಎರಡೂಕಾಲು. ಪುಸ್ತಕದಲ್ಲಿ ಹನ್ನೊಂದು ಪುಟ ಬಾಕಿ. ದೋಣಿ ನಡೆಸುವ ಅಂಬಿಗ ಕೊನೆಗೆ ಏನಾದ ಎಂಬುದು ಆ ಹನ್ನೊಂದು ಪುಟದೊಳಗಿತ್ತು. ವೆಲ್ಡರ್‌ಗೆ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಅದು ಮನೆಗೆ ಬಂದವರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಎದುರಿಗೆ ನಿಂತ ಮಗಳಿಗೂ.

* * *

ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಊಟದ ಬಿಡುವಿನಲ್ಲಿ ಮಡಿಸಿಟ್ಟ ಹೊದಿಕೆಗಳ ರಾಶಿಗೆ ಒರಗಿ ಜೊತೆಯವರಿಗೆ ಒಂದು ಅಧ್ಯಾಯ ಗಟ್ಟಿಯಾಗಿ ಓದುವಳು. ಸಂಜೆ ಅದೇ ಅಧ್ಯಾಯ ಮನೆಯಲ್ಲಿ ಗಂಡನಿಗೆ. ಓದುವ ಮುಂಚೆ ಕೈ ತೊಳೆದು ಒರೆಸಿಕೊಳ್ಳಬೇಕು, ಕಿವಿಯ ಹಿಂದೆ ಪೆನ್ಸಿಲ್ ಇರಬೇಕು, ಪುಟದ ಗುರುತಿಗೆ ಹೊದಿಕೆಗೆ ಹೊಲಿಯುವ ನಂಬರಿನ ಬಟ್ಟೆಪಟ್ಟಿ. ತೆಳ್ಳಗಿನ ಪುಸ್ತಕ ಅವಳಿಗೆ ಆಗುತ್ತಿರಲಿಲ್ಲ. “ಎರಡು ಬೆರಳು ದಪ್ಪ ಇಲ್ದಿದ್ರೆ ಅದರಲ್ಲಿ ಮನುಷ್ಯರು ಎಲ್ಲಿ ಓಡಾಡ್ಬೇಕು?” ಅನ್ನುವಳು. ನದಿ, ರೈಲು, ಜಗಳಗಂಟ ಮುದುಕರು ಇರುವ ಕತೆಗಳೆಂದರೆ ಅವಳಿಗೆ ಪಂಚಪ್ರಾಣ.

ಮದುವೆಯಾದ ಹೊಸದರಲ್ಲಿ ಅವನು ಒಂದು ಸುಳ್ಳು ಹೇಳಿದ್ದ. ವೆಲ್ಡಿಂಗ್ ಬೆಳಕು ಕಣ್ಣು ತಿಂದುಹಾಕಿದೆ, ಅಕ್ಷರ ಕಾಣಲ್ಲ ಅಂತ. ಪಾಪ, ಅವಳು ಕನ್ನಡಕ ಮಾಡಿಸಿ ತಂದಳು. ಅವನು ಅದನ್ನು ಹಾಕಿಕೊಂಡು ಪುಸ್ತಕ ಹಿಡಿದು ಕೂತ. ಹಣೆಯಲ್ಲಿ ಬೆವರು ಇಳಿಯತೊಡಗಿತು. ಅವಳು ಒಂದು ಗಳಿಗೆ ಅವನ ಮುಖ ನೋಡಿ, ಕನ್ನಡಕ ತೆಗೆದು ಕಪಾಟಿನಲ್ಲಿಟ್ಟಳು.

“ಗಾಜು ಸರಿ ಕೂತಿಲ್ಲ ಅನ್ಸುತ್ತೆ. ಬಿಡಿ, ನಾನೇ ಓದ್ತೀನಿ.”

ಆ ಮಾತು ಇಬ್ಬರ ನಡುವೆ ಮತ್ತೆಂದೂ ಬರಲಿಲ್ಲ.

ಮೊದಮೊದಲ ಒಂದು ಪುಸ್ತಕದಲ್ಲಿ ಒಬ್ಬ ಮುದುಕ ಗಾಡಿಯವನು ಸತ್ತುಹೋದ. ವೆಲ್ಡರ್ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ವರ್ಕ್‌ಶಾಪಿನಲ್ಲಿ ಮಾಲೀಕನ ಮೇಲೇ ಹಾರಿಬಿದ್ದ. ಮನೆಗೆ ಬಂದು, “ಅವನನ್ನ ಸಾಯ್ಸಿ ಆ ಬರೆದೋನಿಗೆ ಏನು ಸಿಕ್ತು ಹೇಳು” ಎಂದು ಹೆಂಡತಿಯ ಮೇಲೆ ರೇಗಿದ. ಅವಳು ಪೆನ್ಸಿಲ್ ತೆಗೆದು ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದು ಆವತ್ತಿನಿಂದಲೇ.

ಹೋದ ವಾರ ಎದೆನೋವೆಂದು ಅದೇ ಆಸ್ಪತ್ರೆಯಲ್ಲಿ ಮಲಗಿದಾಗ ಅವಳು ಕೇಳಿದ್ದು ಹಣ್ಣಲ್ಲ, ಹೊದಿಕೆಯಲ್ಲ. “ಪುಸ್ತಕ ತನ್ನಿ. ಪೆನ್ಸಿಲ್ ಚೂಪು ಮಾಡ್ಕೊಂಡು ತನ್ನಿ.” ನಾಲ್ಕನೆಯ ದಿನ ಅವನ ಕೈಗೆ ಪುಸ್ತಕ ಕೊಟ್ಟು, “ಹನ್ನೊಂದೇ ಪುಟ ಉಳಿದಿದೆ. ಇಲ್ಲಿ ಬರೀ ಗಲಾಟೆ. ಮನೆಗೆ ಬಂದು ಓದ್ತೀನಿ” ಎಂದಳು.

ಬಂದದ್ದು ಪೆಟ್ಟಿಗೆ.

* * *

ಎರಡೂವರೆಗೆ ಇಸ್ತ್ರಿ ಹೆಂಗಸರು ಐದು ಜನ ಕೆಲಸದ ನೀಲಿ ಅಂಗಿಯಲ್ಲೇ ಬಂದರು. ಅವರ ಮುಂದಾಳು ದಪ್ಪಮ್ಮ ಪೆಟ್ಟಿಗೆಯ ಅಂಚು ಹಿಡಿದು ಮನಸಾರೆ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ವೆಲ್ಡರ್ ಪಕ್ಕಕ್ಕೆ ಬಂದಳು.

“ಭಾವ, ಅಕ್ಕ ಕೊನೇ ಅಧ್ಯಾಯ ನಿಮಗಾದ್ರೂ ಓದಿದ್ಲಾ? ನಮಗೆ ಕೈ ಕೊಟ್ಟು ಹೋದ್ಲು ನೋಡಿ.”

“ಸಾವಿನ ಮನೇಲಿ ಕೇಳೋ ಮಾತಾ ಅದು?” ಎಂದಳು ಮಗಳು.

“ಅವಳು ನನ್ನ ಸಾವಿಗೆ ಬಂದಿದ್ರೆ ಮೊದ್ಲು ಅದನ್ನೇ ಕೇಳ್ತಿದ್ಲು ಕಣವ್ವ.”

ಮಗಳು ಮತ್ತೆ ಕೈ ಚಾಚಿದಳು. “ಕೊಡಪ್ಪ, ಹೊತ್ತಾಯ್ತು. ನಿನಗಂತೂ ಕಣ್ಣು ಕಾಣಲ್ಲ. ಇಟ್ಕೊಂಡು ಏನ್ಮಾಡ್ತೀಯ?”

ವೆಲ್ಡರ್ ಪುಸ್ತಕವನ್ನು ಎದೆಗೆ ಒತ್ತಿಕೊಂಡ.

“ಕಣ್ಣು ಕಾಣುತ್ತೆ. ಈಗ್ಲೂ ಸೂಜಿಗೆ ದಾರ ಪೋಣಿಸ್ತೀನಿ. ಕಣ್ಣಿಗೆ ಏನೂ ಆಗಿಲ್ಲ. ಓದೋಕೆ ಬರಲ್ಲ. ನಾನು ಹೆಬ್ಬೆಟ್ಟು.”

ಮಗಳು ಅವನನ್ನೇ ನೋಡುತ್ತಿದ್ದಳು.

“ಮತ್ತೆ ನನ್ನ ಮಾರ್ಕ್ಸ್ ಕಾರ್ಡ್ ನೋಡಿ ಬೈತಿದ್ದೆಯಲ್ಲ?”

“ನಿಮ್ಮಮ್ಮ ಕಿವೀಲಿ ಹೇಳಿದ್ಮೇಲೆ ಬೈತಿದ್ದೆ.”

ದಪ್ಪಮ್ಮನಿಗೆ ನಗು ತಡೆಯಲಾಗಲಿಲ್ಲ. ಆ ನಗು ಮುಗಿಯುವ ಮೊದಲೇ ವೆಲ್ಡರ್ ಪುಸ್ತಕವನ್ನು ಲೈಬ್ರರಿ ಮೇಡಂ ಮಡಿಲಿಗೆ ಹಾಕಿದ. “ಓದಿ. ಇಲ್ಲೇ, ಅವಳ ಮುಂದೆ. ಆಮೇಲೆ ಬೇಕಾದ್ರೆ ಪುಸ್ತಕದ ಜೊತೆ ನನ್ನನ್ನೂ ಹೂತುಹಾಕಿ.”

ಮೇಡಂ ಬಟ್ಟೆಪಟ್ಟಿ ಇದ್ದ ಪುಟ ತೆರೆದು ಗಂಟಲು ಸರಿಮಾಡಿಕೊಂಡರು. “ಸೇತುವೆ ತೆರೆದ ದಿನ ಹುಡುಗಿ ದಡದಲ್ಲಿ ಒಬ್ಬಳೇ ನಿಂತಿದ್ದಳು. ಅಂಬಿಗ ತೀರಿಹೋಗಿ ವರ್ಷವಾಗಿತ್ತು...”

“ನಿಲ್ಸಿ. ತಪ್ಪು ಓದ್ತಿದೀರ” ಎಂದ ವೆಲ್ಡರ್.

“ಇಲ್ಲಿ ಹಾಗೇ ಇದೆ.”

“ಹೇಗಿರುತ್ತೆ? ಮೊನ್ನೆ ಮೊನ್ನೆ ಇಂಜಿನಿಯರ್ ಜೊತೆ ಜಗಳ ಆಡಿದಾನೆ, ಸೇತುವೆ ಬೆಸುಗೆ ಸರಿಯಿಲ್ಲ ಅಂತ. ನಾನೂ ಅದನ್ನೇ ಹೇಳಿದ್ದೆ.”

“ಯಾವ ಜಗಳ ಭಾವ?” ಎಂದಳು ದಪ್ಪಮ್ಮ. “ಅವನು ಐದನೇ ಅಧ್ಯಾಯದಲ್ಲೇ ಹೊಳೇಲಿ ಕೊಚ್ಚಿಹೋದ್ನಲ್ಲ. ನಾವೆಲ್ಲ ಅತ್ತಿದ್ದೇ ಅತ್ತಿದ್ದು. ಇಸ್ತ್ರಿಪೆಟ್ಟಿಗೆ ಎತ್ತೋದು ಮರೆತು ಒಂದು ದಿಂಬಿನ ಚೀಲ ಸುಟ್ಟೋಯ್ತು.”

ಮೇಡಂ ಪುಟಗಳನ್ನು ಹಿಂದಕ್ಕೆ ತಿರುಗಿಸಿದರು. ಒಂದು ಕಡೆ ನಿಂತರು, ಇನ್ನೊಂದು ಕಡೆ ನಿಂತರು. ಅಚ್ಚಿನ ಸಾಲುಗಳ ಮೇಲೆ ತೆಳುವಾಗಿ ಪೆನ್ಸಿಲ್ ಗೀಟು. ಅಂಚಿನ ಖಾಲಿ ಜಾಗದ ತುಂಬ ಸಣ್ಣ ಕೈಬರಹ. ಅಂಬಿಗ ಮರದ ಬೇರು ಹಿಡಿದು ಮೇಲೆ ಬಂದದ್ದು, ಕೆಮ್ಮಿದ್ದು, ಸಾರು ಬಿಸಿಯಿಲ್ಲವೆಂದು ಬೈದದ್ದು, ಬೆಸುಗೆಯ ಜಗಳ, ಎಲ್ಲ ಅಲ್ಲಿತ್ತು.

“ಅದಕ್ಕೇ ಇವರು ವಾಪಸ್ ತಂದ ಪುಸ್ತಕ ಕೊಡವಿದ್ರೆ ರಬ್ಬರ್ ಪುಡಿ ಉದುರ್ತಿತ್ತು” ಎಂದರು ಮೇಡಂ. “ಇದನ್ನ ಅಳಿಸೋಕೆ ಅವರಿಗೆ ಹೊತ್ತು ಸಿಕ್ಕಿಲ್ಲ.”

ವೆಲ್ಡರ್ ಬೆಂಚಿನ ತುದಿಯಲ್ಲಿ ಕುಸಿದು ಕೂತ. ಆ ಮುದುಕ ಗಾಡಿಯವನ ನಂತರ ಅವಳು ಓದಿದ ಒಂದು ಪುಸ್ತಕದಲ್ಲೂ ಯಾರೂ ಸತ್ತಿರಲಿಲ್ಲ. ಯುದ್ಧದ ಕತೆಯಲ್ಲೂ ಸತ್ತಿರಲಿಲ್ಲ. ಇಷ್ಟು ವರ್ಷ ಅದು ಈ ದಡ್ಡನ ತಲೆಗೆ ಹೋಗಿರಲಿಲ್ಲ.

“ಕೊನೇ ಪುಟದಲ್ಲೂ ಬರೆದಿದಾಳಾ?”

“ಬರೆದಿದಾರೆ. ಆಸ್ಪತ್ರೇಲಿ ಬರೆದಿದ್ದು ಅನ್ಸುತ್ತೆ. ಅಕ್ಷರ ಓರೆ ಓರೆ.” ಮೇಡಂ ತಲೆಯೆತ್ತಿದರು. “ಯಾವುದು ಓದ್ಲಿ? ಅಚ್ಚಿಂದಾ, ಅವರದಾ?”

ಅವನು ಹೆಂಡತಿಯ ಮುಖ ನೋಡಿದ. ಅವಳ ಕಿವಿಯ ಹಿಂದೆ ಪೆನ್ಸಿಲ್ ಇರಲಿಲ್ಲ. ಹೊರಗೆ ಗಾಡಿ ಬಂದು ಹಾರನ್ ಹೊಡೆಯಿತು.

“ಕಾಯೋಕೆ ಹೇಳು” ಎಂದ ಮಗಳಿಗೆ. ಆಮೇಲೆ ಮೇಡಂ ಕಡೆ ತಿರುಗಿದ. “ಎರಡೂ ಓದಿ. ಮೊದ್ಲು ಅಚ್ಚಿಂದು. ನನಗೇನೂ ಆಗಲ್ಲ, ಓದಿ.”

ಅಚ್ಚಿನ ಕೊನೆ ಕೇಳಿ ಅವನು ಅತ್ತ. ಬೆಳಗಿನಿಂದ ಅತ್ತಿರಲಿಲ್ಲ. ಪೆನ್ಸಿಲಿನ ಕೊನೆಯಲ್ಲಿ ಅಂಬಿಗ ಹೊಸ ಸೇತುವೆಯನ್ನು ಎರಡು ಸಲ ಕಾಲಿನಿಂದ ಒದ್ದು ನೋಡಿ, ಬೈಯುತ್ತಲೇ ದಾಟಿ, ಆಚೆ ದಡದಲ್ಲಿ ಚಪ್ಪಲಿ ಬಿಚ್ಚಿ ಕೂತ. ಇಸ್ತ್ರಿ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಮೋಸಗಾತಿ, ನಮಗೆ ಮಾತ್ರ ಸಾಯ್ಸಿದ್ಲು” ಎಂದು ದಪ್ಪಮ್ಮ ಕಣ್ಣೊರೆಸಿಕೊಂಡಳು.

ಪೆಟ್ಟಿಗೆ ಮುಚ್ಚುವಾಗ ಪುಸ್ತಕವನ್ನು ಯಾರೂ ಕೇಳಲಿಲ್ಲ. ಮಗಳು ಅಡುಗೆಮನೆಯ ಕಿಟಕಿಯಿಂದ ಮೋಟು ಪೆನ್ಸಿಲ್ ತಂದು ತಾಯಿಯ ಕಿವಿಯ ಹಿಂದೆ ಸಿಕ್ಕಿಸಿದಳು.

ಗಾಡಿಯಲ್ಲಿ ಅಪ್ಪ ಮಗಳು ಪೆಟ್ಟಿಗೆಯ ಪಕ್ಕ ಕೂತರು. ಪುಸ್ತಕ ಅವನ ತೊಡೆಯ ಮೇಲೆ ತೆರೆದಿತ್ತು.

“ಅಂಬಿಗ ಅನ್ನೋದು ಇದರಲ್ಲಿ ಯಾವುದು?”

ಮಗಳು ಪೆನ್ಸಿಲಿನ ಸಾಲಿನಲ್ಲಿ ತೋರಿಸಿದಳು. ಅವನು ಅದನ್ನು ಬೆಸುಗೆ ನೋಡುವ ಹಾಗೆ ತಲೆ ಓರೆ ಮಾಡಿ ಬಹಳ ಹೊತ್ತು ನೋಡಿದ. ಪುಟ ತಿರುಗಿಸಿದ. ಕಿಡಿ ಹಾರಿ ಕಲೆಗಟ್ಟಿದ ಬೆರಳು ಅಂಚಿನುದ್ದಕ್ಕೂ ತಡವರಿಸುತ್ತ ಇಳಿದು, ಕೆಳಗೆ ಒಂದು ಕಡೆ ನಿಂತಿತು.

“ಇಲ್ಲೂ ಇದಾನೆ.”

ಗಾಡಿ ಹಳ್ಳಕ್ಕೆ ಇಳಿದು ಎಗರಿತು. ಬೆರಳು ಅಲ್ಲಿಂದ ಅಲುಗಲಿಲ್ಲ.