ಕೂಳೆಯ ಬೆಂಕಿ

ನಮ್ಮ ಅತ್ತೆ ಮಾತಿಗಿಂತ ಹೆಚ್ಚಾಗಿ ಕೆಮ್ಮಿನಲ್ಲೇ ಮನೆ ಆಳುತ್ತಿದ್ದರು. ಒಂದು ಸಲ ಕೆಮ್ಮಿದರೆ ಬಾಗಿಲು ಹಾಕಬೇಕು, ಎರಡು ಸಲ ಕೆಮ್ಮಿದರೆ ಮಾವ ರೇಡಿಯೋ ಸದ್ದು ತಗ್ಗಿಸಬೇಕು. ಸೊಸೆಯಾಗಿ ಬಂದ ಹೊಸದರಲ್ಲಿ ಇದನ್ನು ಕಂಡು ನಗುತ್ತಿದ್ದೆ. ಆದರೆ ನಾನು ಊರಿನ ಸಣ್ಣ ಆಸ್ಪತ್ರೆಯ ನರ್ಸ್. ಅದು ಎಂಥ ಕೆಮ್ಮೆಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ.

ಭತ್ತದ ಕಟಾವಾದ ಮೇಲೆ ಗದ್ದೆಗೆ ಬೆಂಕಿ ಇಡುವುದು ನಮ್ಮಲ್ಲಿನ ರೂಢಿ. ಯಂತ್ರ ಕೊಯ್ದು ಬಿಟ್ಟ ಮೊಣಕಾಲೆತ್ತರದ ಕೂಳೆ ಒಂದು ದಿನದಲ್ಲಿ ಬೂದಿಯಾಗುತ್ತದೆ. ಮುಂದಿನ ಬಿತ್ತನೆಗೆ ನೆಲ ಸಿದ್ಧ. ಹಿಂದೆ ಗಾಳಿ ಬೀಸಿ ಹೊಗೆಯನ್ನು ಹೊತ್ತೊಯ್ಯುತ್ತಿತ್ತಂತೆ. ಈಗ ಮಳೆಗೆ ಹೊತ್ತುಗೊತ್ತಿಲ್ಲ, ಕಟಾವು ತಡವಾಗುತ್ತದೆ, ಬಿತ್ತನೆಯ ಅವಸರದಲ್ಲಿ ಎಲ್ಲರೂ ಒಂದೇ ವಾರ ಕಡ್ಡಿ ಗೀರುತ್ತಾರೆ. ಆ ವಾರ ಎಲೆಯೂ ಅಲುಗುವುದಿಲ್ಲ.

ಆ ವರ್ಷ ಕಟಾವಿನ ದಿನ ಊಟಕ್ಕೆ ಕೂತಾಗ ಮಾತು ತೆಗೆದೆ.

“ಮಾವ, ಈ ಸಲ ಸುಡೋದು ಬೇಡ. ಕೂಳೆನ ಉತ್ತು ಮಣ್ಣಿಗೇ ಸೇರಿಸೋಣ. ಅತ್ತೆ ಎದೆ ತಡ್ಕೊಳ್ಳಲ್ಲ.”

“ಆಸ್ಪತ್ರೆ ಪಾಠ ಆಸ್ಪತ್ರೇಲೇ ಇರ್ಲಮ್ಮ. ಬೆಂಕಿ ಕಾಣದ ಗದ್ದೇಲಿ ಹುಳ ಬೆಳೆಯುತ್ತೆ, ಭತ್ತ ಅಲ್ಲ.”

“ಹುಳ ಮಾತ್ರ ಸಾಯುತ್ತಾ? ಎರೆಹುಳನೂ ಸತ್ತು ಮಣ್ಣು ಇಟ್ಟಿಗೆ ಆಗಿದೆ. ಮಳೆ ಬಂದ್ರೆ ನೀರು ಇಂಗಲ್ಲ, ಮಳೆ ನಿಂತ್ರೆ ತೇವ ಉಳಿಯಲ್ಲ. ಕಾಲ ಕೆಟ್ಟೋಯ್ತು ಅಂತ ದಿನಾ ಬೈತೀರಿ. ಕೆಡಿಸೋರಲ್ಲಿ ನಾವೂ ಇದ್ದೀವಲ್ಲ?”

ಮಾವ ಗಹಗಹಿಸಿದರು. “ಕೇಳಿದ್ಯೇನೇ? ನಿನ್ನ ಸೊಸೆ ಪ್ರಕಾರ ಮಳೆ ನನ್ನ ಬೆಂಕಿಪೊಟ್ಟಣದಲ್ಲಿದೆಯಂತೆ!”

ಅತ್ತೆಯೂ ನಕ್ಕರು, ನಗು ಕೆಮ್ಮಾಯಿತು. “ಬಿಡೇ ಮಗಳೇ. ನಲವತ್ತು ವರ್ಷದಿಂದ ಕುಡಿದ ಹೊಗೆ. ಇನ್ನೊಂದು ಸಲ ಕುಡಿದ್ರೆ ಏನು ಕೊಳ್ಳೆ ಹೋಗುತ್ತೆ?”

ನನ್ನ ಗಂಡ ಇನ್ನೊಂದು ಸೌಟು ಸಾರು ಬಡಿಸಿಕೊಂಡ.

ಮರುದಿನ ಮಾವ ಬೆಂಕಿ ಇಟ್ಟರು. ಸುತ್ತಲಿನವರೂ ಇಟ್ಟರು. ಮೂರನೆಯ ದಿನಕ್ಕೆ ಎದುರುಮನೆ ಕಾಣದಾಯಿತು. ಕಿಟಕಿಯ ಸಂದುಗಳಿಗೆ ತುರುಕಿದ ಒದ್ದೆ ಬಟ್ಟೆಗಳು ಸಂಜೆಯೊಳಗೆ ಕಪ್ಪಾಗುತ್ತಿದ್ದವು. ಆಸ್ಪತ್ರೆಯಲ್ಲಿದ್ದದ್ದು ಎರಡೇ ಆಮ್ಲಜನಕದ ಸಿಲಿಂಡರ್, ಕಾದಿದ್ದವರು ಒಂಬತ್ತು ಜನ. ಒಬ್ಬರ ಮುಖದಿಂದ ಮಾಸ್ಕ್ ತೆಗೆದು ಇನ್ನೊಬ್ಬರಿಗೆ ಹಾಕುವುದೇ ನನ್ನ ಕೆಲಸವಾಗಿತ್ತು.

ಐದನೆಯ ದಿನ ಮಧ್ಯಾಹ್ನ ನನ್ನ ಗಂಡ ಅತ್ತೆಯನ್ನು ಎತ್ತಿಕೊಂಡು ಬಂದ. ಅವರ ತುಟಿ ನೀಲಿಗಟ್ಟಿತ್ತು. ಮಾಸ್ಕ್ ಹಿಡಿದ ನನ್ನ ಕೈಯನ್ನು ಅತ್ತೆ ತಳ್ಳಿ, ಪಕ್ಕದ ಹಾಸಿಗೆಯಲ್ಲಿ ಏದುಸಿರು ಬಿಡುತ್ತಿದ್ದ ಬಸುರಿಯನ್ನು ಕಣ್ಣಲ್ಲೇ ತೋರಿಸಿದರು. ನಾನು ಕೇಳಲಿಲ್ಲ. ಅತ್ತೆಗೇ ಹಾಕಿಬಿಟ್ಟೆ. ಆದರೂ ಅತ್ತೆ ಉಳಿಯಲಿಲ್ಲ.

“ಹೊಗೆಗೆ ಯಾರಾದ್ರೂ ಸಾಯ್ತಾರಾ? ವಯಸ್ಸಾಗಿತ್ತು” ಎಂದು ಮಾವ ಬಂದವರಿಗೆಲ್ಲ ಹೇಳಿದರು. ಆಮೇಲೆ ತಿಂಗಳುಗಟ್ಟಲೆ ರೇಡಿಯೋ ಹಾಕಲಿಲ್ಲ.

ಮುಂದಿನ ಕಟಾವಾಯಿತು. ಮಾವ ಕಡ್ಡಿ ಗೀರಲಿಲ್ಲ. ಉಳಲು ಟ್ರ್ಯಾಕ್ಟರಿಗೆ ಹೇಳಿ ಕಾದರು. “ಹೆಂಡತಿ ಹೋದ್ಮೇಲೆ ಮುದುಕನಿಗೆ ತಲೆ ಕೆಟ್ಟಿದೆ” ಎಂದು ಊರು ಆಡಿಕೊಂಡಿತು. ಟ್ರ್ಯಾಕ್ಟರ್ ಬರಬೇಕಾದ ದಿನ ಬೆಳಿಗ್ಗೆ ಪಕ್ಕದ ಗದ್ದೆಯವನು ಬೆಂಕಿ ಇಟ್ಟ. ಅಪರೂಪಕ್ಕೆ ಅಂದು ಗಾಳಿ ಬೀಸಿತು. ಬೆಂಕಿ ಬದು ದಾಟಿ ನಮ್ಮ ಕಡೆ ಬಂತು. ಮಾವ, ಗಂಡ, ನಾನು ಹಸಿಕೊಂಬೆ ಹಿಡಿದು ಬಡಿದೆವು. ಬಡಿದಷ್ಟೂ ಹಬ್ಬಿತು. ಅರ್ಧ ಗಂಟೆಯಲ್ಲಿ ಗದ್ದೆ ಬೂದಿಯಾಯಿತು.

“ಕೆಲಸ ಸುಲಭ ಆಯ್ತಲ್ಲ ಯಜಮಾನ್ರೇ!” ಆಚೆಯಿಂದ ಅವನು ನಗುತ್ತಾ ಕೈಯೆತ್ತಿದ.

ನಾನು ಕೈಯಲ್ಲಿದ್ದ ಕೊಂಬೆಯನ್ನು ನೆಲಕ್ಕೆ ಬಿಸುಟೆ. “ಮಾವ, ಸುಮ್ನೆ ಕೂತಿದ್ದೀರಲ್ಲ! ಹೋಗಿ ನಾಲ್ಕು ಮಾತು ಬೈದು ಬನ್ನಿ.”

ಮಾವ ಬದುವಿನ ಮೇಲೆ ಕುಸಿದು ಕೂತಿದ್ದರು. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

“ಏನಂತ ಬೈಲಮ್ಮ? ಅವನಪ್ಪ ಸತ್ತಾಗ ಅವನಿಗೆ ಬೇಸಾಯ ಕಲಿಸಿದ್ದೇ ನಾನು. ಯಾವ ಮೂಲೇಲಿ ಕಡ್ಡಿ ಗೀರಿದ್ರೆ ಬೇಗ ಹತ್ಕೊಳ್ಳುತ್ತೆ ಅಂತ ಕೈ ಹಿಡಿದು ತೋರಿಸ್ಕೊಟ್ಟಿದ್ದೂ ನಾನೇ.”